ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು: ಚಿನ್ನ ಹುಡುಕಲು ಬಂದವನ ಕಣ್ಣಿಗೆ ಬಿದ್ದ ಶಾಸನ

ಪ್ರಶ್ನೆ: ನಾನು ಸಿಂಧನೂರಿನವಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ಅಶೋಕ ಎಂಬ ಹೆಸರಿರುವ ಏಕೈಕ ಶಾಸನ ಮಸ್ಕಿಯದು, ಅದು ಸಿಗುವವರೆಗೆ ಅಶೋಕ ಯಾರೆಂದೇ ಜಗತ್ತಿಗೆ ಗೊತ್ತಿರಲಿಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಇನ್ನೊಂದು ಪುಸ್ತಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲೂ ಆ ಹೆಸರಿದೆ ಎಂದು ಬರೆದಿದೆ. ಯಾವುದನ್ನು ನಂಬಬೇಕು? ಅಷ್ಟು ದೂರದ ಪಾಟಲಿಪುತ್ರದ ರಾಜ ನಮ್ಮ ಕಡೆಯ ಬಂಡೆಗಳ ಮೇಲೆ ಬರೆಸಲು ಇಲ್ಲಿ ಅಂಥದ್ದೇನಿತ್ತು?

ಉತ್ತರ: ಮೊದಲು ನೇರ ಉತ್ತರ. ‘ಏಕೈಕ’ ಎಂಬುದು ಇಂದು ಸರಿಯಲ್ಲ, ‘ಯಾರಿಗೂ ಗೊತ್ತಿರಲಿಲ್ಲ’ ಎಂಬುದು ಎಂದೂ ಸರಿಯಾಗಿರಲಿಲ್ಲ. ಮಸ್ಕಿಯಲ್ಲದೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂ, ಈ ಮೂರೂ ಕಡೆಯ ಶಾಸನಗಳಲ್ಲಿ ಅಶೋಕನ ಹೆಸರಿದೆ. ಹಾಗೆಂದು ಮಸ್ಕಿಯ ಮಹತ್ವ ಕಡಿಮೆಯಾಗಲಿಲ್ಲ. ಅದರ ನಿಜವಾದ ಕಥೆ ಗೈಡ್ ಪುಸ್ತಕಗಳ ಒಂದು ಸಾಲಿನ ಹೆಗ್ಗಳಿಕೆಗಿಂತ ಬಹಳ ದೊಡ್ಡದು. ಆ ಕಥೆಯನ್ನು ನಮ್ಮ ಭಾಗದ ಮಕ್ಕಳಿಗೆ ಯಾರೂ ಪೂರ್ತಿಯಾಗಿ ಹೇಳುವುದಿಲ್ಲವಲ್ಲ ಎಂಬ ಸಂಕಟ ನನಗೆ ಬಹಳ ದಿನಗಳಿಂದ ಇದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಥೆ ಶುರುವಾಗುವುದು ಕಲ್ಕತ್ತೆಯಲ್ಲಿ. ದೆಹಲಿ, ಅಲಹಾಬಾದ್ ಮುಂತಾದ ಕಡೆಯ ಕಂಬಗಳ ಮೇಲೆ, ಗಿರ್ನಾರ್ ಮತ್ತು ಧೌಲಿಯ ಬಂಡೆಗಳ ಮೇಲೆ ಒಂದೇ ಬಗೆಯ ವಿಚಿತ್ರ ಅಕ್ಷರಗಳಿದ್ದವು. ಅವುಗಳನ್ನು ಓದಬಲ್ಲವರು ಶತಮಾನಗಳಿಂದ ಇರಲಿಲ್ಲ. ಟಂಕಸಾಲೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಆ ಬ್ರಾಹ್ಮೀ ಲಿಪಿಯ ಬೀಗ ತೆರೆದ. ಅಕ್ಷರವೇನೋ ಓದಲು ಬಂತು, ಆದರೆ ಹೊಸ ತೊಡಕೊಂದು ಎದುರಾಯಿತು. ಶಾಸನಗಳಲ್ಲಿ ಮಾತನಾಡುತ್ತಿರುವ ರಾಜ ತನ್ನನ್ನು ‘ದೇವಾನಂಪಿಯ ಪಿಯದಸಿ’ ಎಂದು ಕರೆದುಕೊಳ್ಳುತ್ತಾನೆ. ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಇವೆರಡೂ ಬಿರುದುಗಳು. ಯಾರು ಈ ರಾಜ? ಉತ್ತರ ಭಾರತದ ಉದ್ದಗಲಕ್ಕೂ ಕಲ್ಲು ಕೆತ್ತಿಸಿದವನ ಹೆಸರೇ ಕಲ್ಲಿನಲ್ಲಿ ಇಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜನಿದ್ದುದರಿಂದ ಪ್ರಿನ್ಸೆಪ್ ಮೊದಲಿಗೆ ಅವನೇ ಇರಬೇಕೆಂದು ಭಾವಿಸಿದ.

ಸರಿಯಾದ ಸುಳಿವು ಕೊಟ್ಟವನು ಸಿಂಹಳದಲ್ಲಿ ನೌಕರಿಯಲ್ಲಿದ್ದ ಜಾರ್ಜ್ ಟರ್ನರ್. ಸಿಂಹಳದ ಪಾಲಿ ಇತಿಹಾಸಗ್ರಂಥ ‘ದೀಪವಂಸ’ದಲ್ಲಿ ಪಿಯದಸ್ಸಿ ಎಂಬುವನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಎಂಬ ಮಾತು ಅವನ ಕಣ್ಣಿಗೆ ಬಿತ್ತು. ಎಂದರೆ ಅಶೋಕ. ಅದೂ 1837ರ ಸುದ್ದಿಯೇ. ಪುರಾಣಗಳ ರಾಜವಂಶಾವಳಿಯಲ್ಲಿ ಅಶೋಕನ ಹೆಸರು ಮೊದಲಿನಿಂದಲೂ ಇತ್ತು, ಬೌದ್ಧ ಕಥೆಗಳಲ್ಲಂತೂ ತುಂಬಿಕೊಂಡಿತ್ತು. ಆದ್ದರಿಂದ ಮಸ್ಕಿ ಸಿಗುವ 78 ವರ್ಷ ಮೊದಲೇ ವಿದ್ವಾಂಸರ ಲೋಕ ಅಶೋಕನನ್ನು ಗುರುತಿಸಿಯಾಗಿತ್ತು.

ಇನ್ನೂ ಒಂದು ಸಂಗತಿ ಇದೆ, ನನಗೆ ಬಹಳ ಇಷ್ಟವಾದದ್ದು. ಗುಜರಾತಿನ ಗಿರ್ನಾರ್ ಬೆಟ್ಟದ ಬುಡದಲ್ಲಿ ಅಶೋಕನ ಹದಿನಾಲ್ಕು ಧರ್ಮಶಾಸನಗಳನ್ನು ಹೊತ್ತ ದೊಡ್ಡ ಬಂಡೆಯಿದೆ. ಅಲ್ಲೆಲ್ಲ ‘ಪಿಯದಸಿ’ಯೇ. ಆದರೆ ಅದೇ ಬಂಡೆಯ ಮೇಲೆ, ನಾಲ್ಕು ಶತಮಾನಗಳ ನಂತರ, ಸುಮಾರು ಕ್ರಿ.ಶ. 150ರಲ್ಲಿ, ರುದ್ರದಾಮನ ಎಂಬ ಶಕ ಅರಸ ಒಂದು ಸಂಸ್ಕೃತ ಶಾಸನ ಬರೆಸಿದ. ಮಳೆಗೆ ಒಡೆದುಹೋದ ಸುದರ್ಶನ ಕೆರೆಯನ್ನು ತಾನು ದುರಸ್ತಿ ಮಾಡಿಸಿದ್ದನ್ನು ಹೇಳುವಾಗ ಆ ಕೆರೆಯ ಪೂರ್ವಚರಿತ್ರೆಯನ್ನೂ ದಾಖಲಿಸಿದ: ಚಂದ್ರಗುಪ್ತ ಮೌರ್ಯನ ಅಧಿಕಾರಿ ಅದನ್ನು ಕಟ್ಟಿಸಿದ, ಅಶೋಕ ಮೌರ್ಯನಿಗಾಗಿ ತುಷಾಸ್ಫನೆಂಬ ಯವನ ರಾಜ ಅದಕ್ಕೆ ಕಾಲುವೆಗಳನ್ನು ಮಾಡಿಸಿದ ಎಂದು. ಒಂದೇ ಕಲ್ಲಿನ ಮೇಲೆ ಅಶೋಕನ ಮಾತೂ ಇತ್ತು, ಅವನ ಹೆಸರೂ ಇತ್ತು. ಆದರೆ ಮಾತು ಒಬ್ಬರದು, ಹೆಸರು ಹೇಳಿದವರು ಇನ್ನೊಬ್ಬರು. ಎರಡನ್ನೂ ಬೆಸೆಯುವ ಸಾಕ್ಷಿ ಆ ಕಲ್ಲಿನಲ್ಲಿ ಇರಲಿಲ್ಲ.

ಈ ಬೆಸುಗೆ ಏಕೆ ಅಷ್ಟು ಮುಖ್ಯ? ‘ದೇವಾನಂಪಿಯ’ ಎಂಬುದು ಒಬ್ಬನಿಗೇ ಮೀಸಲಾದ ಬಿರುದಲ್ಲ. ಬಿಹಾರದ ನಾಗಾರ್ಜುನಿ ಗುಹೆಗಳಲ್ಲಿ ಮೌರ್ಯ ದಶರಥನೂ ಅದನ್ನು ಧರಿಸಿದ್ದಾನೆ, ಸಿಂಹಳದ ತಿಸ್ಸನಂತೂ ಇದ್ದೇ ಇದ್ದಾನೆ. ಸಿಂಹಳದ ಒಂದು ಗ್ರಂಥದ ಮಾತಿನ ಮೇಲೆ ಇಡೀ ಭಾರತದ ಪ್ರಾಚೀನ ಇತಿಹಾಸದ ಕಾಲಗಣನೆಯನ್ನು ನಿಲ್ಲಿಸಬಹುದೇ ಎಂಬ ಸಂದೇಹ ಉಳಿದಿತ್ತು. ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಅವರಂಥವರೇ ಪಿಯದಸಿ ಅಶೋಕನೇ ಎಂಬುದನ್ನು ಒಪ್ಪಿರಲಿಲ್ಲ. ಕಾಲ ಕಳೆದಂತೆ ಬಹುಪಾಲು ಜನ ಒಪ್ಪಿಕೊಂಡರು, ನಿಜ. ಆದರೂ ಅದು ಊಹೆಯ ಮೇಲೆ ನಿಂತ ತೀರ್ಮಾನ. ರಾಜನೇ ಬಾಯಿಬಿಟ್ಟು ‘ನಾನು ಅಶೋಕ’ ಎಂದಿರಲಿಲ್ಲ.

ಆ ಮಾತು ಸಿಕ್ಕಿದ್ದು ನಿಮ್ಮ ಊರಿನ ಪಕ್ಕದಲ್ಲಿ, 1915ರ ಜನವರಿಯಲ್ಲಿ. ಆಗ ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಪುರಾತತ್ವ ಇಲಾಖೆ ಹುಟ್ಟಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಶಾಸನವನ್ನು ಕಂಡವನು ಮಾತ್ರ ಇಲಾಖೆಯವನಲ್ಲ. ಸಿ. ಬೀಡನ್ ಎಂಬ ಗಣಿ ಎಂಜಿನಿಯರ್, ಚಿನ್ನದ ಅದಿರಿನ ಜಾಡು ಹಿಡಿದು ಈ ಬೆಟ್ಟಗುಡ್ಡಗಳನ್ನು ಸುತ್ತುತ್ತಿದ್ದವನು. ಮಸ್ಕಿಯ ದುರ್ಗದ ಗುಡ್ಡದಲ್ಲಿ ಬಂಡೆಯೊಂದರ ಮೇಲೆ ಅಕ್ಷರಗಳಿರುವುದು ಅವನ ಕಣ್ಣಿಗೆ ಬಿತ್ತು. ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ದಕ್ಷಿಣ ಭಾರತದ ಪ್ರಾಗಿತಿಹಾಸ ಸಂಶೋಧನೆಯ ಪಿತಾಮಹ ಎನಿಸಿಕೊಂಡ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲೂ 1888ರಲ್ಲೂ ಮಸ್ಕಿಗೆ ಬಂದುಹೋಗಿದ್ದರು. ಆದರೂ ಶಾಸನ ಬೆಳಕಿಗೆ ಬಂದದ್ದು ಅವರ ಮೂಲಕವಲ್ಲ. ಕಲ್ಲಿನ ಹೊರಮೈ ಒರಟು, ಅಕ್ಷರಗಳು ಸವೆದಿವೆ. ಬಿಸಿಲು ನೇರವಾಗಿ ಬಿದ್ದಾಗ ಅಕ್ಷರಕ್ಕೂ ಬಂಡೆಯ ಬಿರುಕಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಶಾಸನವನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊಟ್ಟಮೊದಲ ಸಂಪುಟವಾಗಿ ಅದು ಹೊರಬಂತು. ಎಂಟು ಸಾಲಿನ ಚಿಕ್ಕ ಶಾಸನ. ಅದರ ಮೊದಲ ಪದಗಳು ಇವು: ‘ದೇವಾನಂಪಿಯಸ ಅಸೋಕಸ’. ದೇವರಿಗೆ ಪ್ರಿಯನಾದ ಅಶೋಕನ ಎಂದರ್ಥ. ಬಿರುದೂ ಹೆಸರೂ ಒಂದರ ಪಕ್ಕ ಒಂದು, ಒಂದೇ ಉಳಿಯಿಂದ ಕೆತ್ತಿದವು. ಮುಕ್ಕಾಲು ಶತಮಾನದ ಊಹೆ ಆ ಎರಡು ಪದಗಳಲ್ಲಿ ಸಾಕ್ಷ್ಯವಾಯಿತು. ಮಸ್ಕಿಯ ಸ್ಥಾನ ಇದು: ಅಶೋಕನನ್ನು ಪತ್ತೆಹಚ್ಚಿದ ಶಾಸನವಲ್ಲ, ಪತ್ತೆಹಚ್ಚಿದ್ದು ಸರಿಯೆಂದು ಸಾಬೀತುಪಡಿಸಿದ ಶಾಸನ. ಸಾಬೀತುಪಡಿಸುವುದೇನು ಸಣ್ಣ ಕೆಲಸವೇ? ಇತಿಹಾಸವನ್ನು ಗಂಭೀರವಾಗಿ ಓದುವ ಯಾರಿಗೂ ಹಾಗೆ ಅನ್ನಿಸುವುದಿಲ್ಲ.

ಆನಂತರ 1950ರ ದಶಕದಲ್ಲಿ ದತಿಯಾ ಜಿಲ್ಲೆಯ ಗುಜರ್ರಾದಲ್ಲಿ ಅಶೋಕನ ಹೆಸರಿನ ಮತ್ತೊಂದು ಶಾಸನ ಸಿಕ್ಕಿತು. 1970ರ ದಶಕದ ಕೊನೆಯ ವರ್ಷಗಳಲ್ಲಿ ನಿಟ್ಟೂರು ಮತ್ತು ಉಡೇಗೋಳಂ ಶಾಸನಗಳು ಬೆಳಕಿಗೆ ಬಂದವು. ನೀವು ನೋಡಿದ ಎರಡು ಪುಸ್ತಕಗಳ ಜಗಳಕ್ಕೆ ಕಾರಣ ಇಷ್ಟೇ: ಒಂದು ಹಳೆಯ ಮಾಹಿತಿಯನ್ನೇ ನಕಲು ಮಾಡುತ್ತ ಬಂದಿದೆ, ಇನ್ನೊಂದು ತಿದ್ದಿಕೊಂಡಿದೆ. ಪರೀಕ್ಷೆಯ ಪ್ರಶ್ನೆಯಲ್ಲಿ ‘ಅಶೋಕನ ಹೆಸರು ಮೊದಲ ಬಾರಿಗೆ ಕಂಡುಬಂದ ಅವನ ಶಾಸನ ಯಾವುದು’ ಎಂದು ಕೇಳಿದರೆ ಅನುಮಾನವಿಲ್ಲದೆ ಮಸ್ಕಿ ಎಂದು ಬರೆಯಿರಿ. ‘ಯಾವ ಯಾವ ಶಾಸನಗಳಲ್ಲಿದೆ’ ಎಂದು ಕೇಳಿದರೆ ನಾಲ್ಕನ್ನೂ ಬರೆಯಿರಿ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕ’ ಎಂದು ಬರೆದ ಶಿಲ್ಪಫಲಕ ಸಿಕ್ಕಿದೆಯಲ್ಲ ಎಂದು ನಿಮ್ಮ ಗೆಳತಿಯರು ಕೇಳಬಹುದು. ಅದು ಅಮೂಲ್ಯವಾದದ್ದೇ. ಆದರೆ ಅದು ಅಶೋಕನ ಶಾಸನವಲ್ಲ, ಅವನ ನಂತರದ ಕಾಲದ ಸ್ತೂಪದಲ್ಲಿ ಅವನ ಚಿತ್ರಕ್ಕೆ ಬರೆದ ಹೆಸರು.

ಹೆಸರಿನ ಗದ್ದಲದಲ್ಲಿ ಮಸ್ಕಿಯ ಶಾಸನ ಏನು ಹೇಳುತ್ತದೆ ಎಂಬುದನ್ನೇ ನಾವು ಮರೆತುಬಿಟ್ಟಿದ್ದೇವೆ. ರಾಜ ಅಲ್ಲಿ ತನ್ನ ಬಗ್ಗೆ ಮಾತನಾಡುತ್ತಾನೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷವಾಯಿತು, ಬೌದ್ಧ ಭಿಕ್ಷುಗಳ ಸಂಘವನ್ನು ಸೇರಿಕೊಂಡು ಒಂದು ವರ್ಷಕ್ಕೂ ಮೇಲಾಯಿತು, ಆಮೇಲೆ ಹೆಚ್ಚು ಶ್ರಮಿಸಿದ್ದೇನೆ ಎನ್ನುತ್ತಾನೆ. ಇದೇ ಶಾಸನದ ಬೇರೆ ಊರಿನ ಪ್ರತಿಗಳಲ್ಲಿ ಇನ್ನೂ ಒಂದು ಮಾತಿದೆ: ಮೊದಲ ಒಂದು ವರ್ಷ ನಾನು ಅಷ್ಟಾಗಿ ಪ್ರಯತ್ನಪಡಲಿಲ್ಲ. ಚಕ್ರವರ್ತಿಯೊಬ್ಬ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸುತ್ತಾನೆ! ಗೆಲುವು, ವಂಶ, ದಾನಗಳನ್ನು ಹೊಗಳುವ ಸಾವಿರಾರು ಶಾಸನಗಳ ನಾಡು ನಮ್ಮದು. ನಮ್ಮಲ್ಲಿ ಉಳಿದಿರುವ ಅತಿ ಹಳೆಯ ಬರವಣಿಗೆಯಲ್ಲಿ ಆ ಹೊಗಳಿಕೆಯ ಸುಳಿವೂ ಇಲ್ಲ. ಕಳಿಂಗ ಯುದ್ಧದ ಪ್ರಸ್ತಾಪವೂ ಇಲ್ಲಿಲ್ಲ. ಅದು ಬರುವುದು ಹದಿಮೂರನೆಯ ದೊಡ್ಡ ಶಾಸನದಲ್ಲಿ. ಮಸ್ಕಿಯಂಥ ಕಿರುಶಾಸನಗಳು ಅದಕ್ಕಿಂತ ಮೊದಲಿನವು, ಅಶೋಕ ಬರೆಸಿದ ಶಾಸನಗಳಲ್ಲೇ ಮೊದಲನೆಯವು ಎಂಬುದು ಬಹುಪಾಲು ವಿದ್ವಾಂಸರ ಮತ.

ಮುಂದೆ ಬರುವ ಸಾಲು ಹೀಗಿದೆ: ‘ಖುದಕೇನ ಪಿ ಧಮಯುತೇನ ಸಕೇ ಅಧಿಗತವೇ’. ಧರ್ಮದಲ್ಲಿ ತೊಡಗಿದರೆ ಚಿಕ್ಕವನಿಗೂ ಆ ಶ್ರಮದ ಫಲವನ್ನು ಪಡೆಯುವುದು ಸಾಧ್ಯ. ಅಷ್ಟಕ್ಕೇ ನಿಲ್ಲಿಸದೆ, ದೊಡ್ಡವನು ಮಾತ್ರ ಇದನ್ನು ಪಡೆಯುತ್ತಾನೆಂದು ತಿಳಿಯಬಾರದು, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂದು ಸೇರಿಸುತ್ತಾನೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಧ್ಯದಲ್ಲಿ, ಕಬ್ಬಿಣ ಕುಟ್ಟುವ, ಕಲ್ಲುಗೋರಿಗಳಲ್ಲಿ ಸತ್ತವರನ್ನು ಹೂಳುವ ಜನರ ನಡುವೆ ಬಂದು ನಿಂತ ಮಾತು ಇದು. ಭಾಷೆ ಕನ್ನಡವಲ್ಲ, ಪ್ರಾಕೃತ. ಇಲ್ಲಿನ ಜನಕ್ಕೆ ಅರ್ಥವಾಗುತ್ತಿತ್ತೇ ಎಂದು ಅನೇಕರು ಕೇಳುತ್ತಾರೆ. ಜನ ಬಂದು ಓದಲಿ ಎಂದು ಅದನ್ನು ಬರೆಸಿದ್ದಲ್ಲ. ನಮ್ಮ ಬಳ್ಳಾರಿಗೆ ಪೂರ್ವದಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಕ್ರಮ ಸ್ಪಷ್ಟವಾಗಿದೆ: ರಜ್ಜುಕರೆಂಬ ಅಧಿಕಾರಿಗಳು ಭೇರಿ ಬಾರಿಸಿ ಜನಪದಕ್ಕೆ ಸಾರಬೇಕು. ಆನೆ ಏರುವವರು, ಲೆಕ್ಕ ಬರೆಯುವ ಕರಣಿಕರು, ರಥದ ಕುದುರೆ ಪಳಗಿಸುವವರು, ಬ್ರಾಹ್ಮಣರು ತಂತಮ್ಮ ಶಿಷ್ಯರಿಗೆ ಕಲಿಸಬೇಕು. ನಮ್ಮ ಹಳ್ಳಿಗಳಲ್ಲಿ ಮೊನ್ನೆಮೊನ್ನೆಯವರೆಗೂ ಡಂಗುರ ಸಾರುತ್ತಿದ್ದರಲ್ಲ, ಅದೇ ವ್ಯವಸ್ಥೆ. ಕಲ್ಲು ಕಚೇರಿಯ ಕಾಯಂ ಪ್ರತಿ, ಜನರಿಗೆ ತಲುಪುತ್ತಿದ್ದುದು ಬಾಯಿಮಾತು.

ಆ ಕಾಯಂ ಪ್ರತಿಯನ್ನು ಕೆತ್ತಿದವರ ಕೈಗುರುತುಗಳೂ ನಮಗೆ ಸಿಗುತ್ತವೆ. ಎರ್ರಗುಡಿಯಲ್ಲಿ ಲಿಪಿಕಾರ ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೂ ಕೆಲವನ್ನು ಬಲದಿಂದ ಎಡಕ್ಕೂ ಬರೆದಿದ್ದಾನೆ. ಬಳ್ಳಾರಿಯ ಗಡಿಗೆ ತಾಗಿದ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿಯಲ್ಲಿ ಬರೆದವನು ಚಪಡ. ಬಿ. ಎಲ್. ರೈಸ್ ಅವರು 1892ರ ಹೊತ್ತಿಗೆ ಪತ್ತೆಹಚ್ಚಿದ ಈ ಶಾಸನದ ಕೊನೆಯಲ್ಲಿ ಅವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಈಗಿನ ಪೇಶಾವರದ ಸೀಮೆಯಲ್ಲಿ ಬರೆಯಲು ಕಲಿತ ಕೈ ಚಿತ್ರದುರ್ಗ ಸೀಮೆಯ ಬಂಡೆಯ ಮುಂದೆ ಬಂದು ನಿಂತಿತ್ತು. ಮೌರ್ಯರ ಆಡಳಿತ ಎಷ್ಟು ದೂರ ಚಾಚಿತ್ತು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ನನಗೆ ಗೊತ್ತಿಲ್ಲ.

ಕೊಪ್ಪಳವನ್ನು ಬಿಟ್ಟು ಈ ಮಾತು ಮುಗಿಸುವಂತಿಲ್ಲ. 1931ರಲ್ಲಿ ಅಲ್ಲಿ ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡು ಬೆಟ್ಟದಲ್ಲಿ ಒಂದು, ಹೀಗೆ ಎರಡು ಅಶೋಕ ಶಾಸನಗಳು ಸಿಕ್ಕವು. ಗವಿಮಠದ ಪ್ರತಿ ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹಳ ಸವೆದಿದೆ. ಆದರೆ ನೋಡಲು ಪಾಲ್ಕಿಗುಂಡಿಗೇ ಹೋಗಬೇಕು. ಎರಡು ಗುಂಡುಗಳ ಮೇಲೆ ಭಾರಿ ಚಪ್ಪಡಿಯೊಂದು ಪಲ್ಲಕ್ಕಿಯ ಚಪ್ಪರದಂತೆ ಕೂತಿದೆ, ಅದರ ನೆರಳಿನಲ್ಲಿ ಅಶೋಕನ ಅಕ್ಷರಗಳು. ಅದೇ ಬೆಟ್ಟದ ಮೇಲೆ ಒಂದು ಜೊತೆ ಪಾದಗಳನ್ನು ಕೆತ್ತಿ, ಇವು ಜಟಾಸಿಂಗನಂದಿ ಆಚಾರ್ಯರ ಪಾದಗಳು, ಚಾವಯ್ಯ ಮಾಡಿಸಿದ ಎಂದು ಕನ್ನಡದಲ್ಲಿ ಬರೆದಿದೆ. ಬೌದ್ಧ ರಾಜನ ಮಾತಿನ ನೆರೆಯಲ್ಲಿ, ಶತಮಾನಗಳ ನಂತರ, ಒಬ್ಬ ಜೈನ ಮುನಿಯ ನೆನಪು. ಕೊಪಣ ತೀರ್ಥವೆಂದು ಜೈನರು ಪೂಜಿಸಿದ ಊರಿನಲ್ಲಿ ಇದು ಆಕಸ್ಮಿಕವಲ್ಲ. ಒಮ್ಮೆ ಪವಿತ್ರವೆಂದು ಗುರುತಾದ ಬೆಟ್ಟವನ್ನು ಮುಂದಿನವರು ಬಿಟ್ಟುಕೊಡಲಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಪಕ್ಕದ ಚಿತ್ರದುರ್ಗ, ಕರ್ನೂಲು. ಅಶೋಕನ ಕಿರುಶಾಸನಗಳು ಇಷ್ಟು ದಟ್ಟವಾಗಿ ಒಟ್ಟಾಗಿರುವ ಪ್ರದೇಶ ದೇಶದಲ್ಲಿ ಬೇರೆಲ್ಲೂ ಇಲ್ಲ. ಯಾಕೆ? ಬೀಡನ್ ಇಲ್ಲಿಗೆ ಬಂದದ್ದು ಯಾಕೆ ಎಂದು ಕೇಳಿಕೊಂಡರೆ ಉತ್ತರ ಅರ್ಧ ಸಿಕ್ಕಂತೆ. ಎರ್ರಗುಡಿಯ ಶಾಸನಗಳನ್ನು 1929ರ ಸುಮಾರಿಗೆ ಮೊದಲು ಗುರುತಿಸಿದ ಅನು ಘೋಷ್ ಕೂಡ ಭೂವಿಜ್ಞಾನಿಯೇ. ಖನಿಜ ಹುಡುಕುವವರ ಕಣ್ಣಿಗೇ ಮತ್ತೆ ಮತ್ತೆ ಅಶೋಕ ಬೀಳುತ್ತಿದ್ದುದಕ್ಕೆ ಕಾರಣವಿದೆ. ಅವರು ಹುಡುಕುತ್ತಿದ್ದ ನೆಲದಲ್ಲೇ ಮೌರ್ಯರಿಗೂ ಕೆಲಸವಿತ್ತು.

ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಇಂದಿಗೂ ದೇಶದ ಮುಖ್ಯ ಚಿನ್ನದ ಗಣಿ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಗಣಿ ತೆರೆದವರಿಗೆ ಕಾಣಿಸಿದ್ದು ಹೊಸ ನೆಲವಲ್ಲ. ಅವರಿಗಿಂತ ಎಷ್ಟೋ ಶತಮಾನ ಮೊದಲು ಯಾರೋ ತೋಡಿ ಬಿಟ್ಟುಹೋದ ಸುರಂಗಗಳು, 600 ಅಡಿಗೂ ಹೆಚ್ಚು ಆಳದವರೆಗೆ. ಮದ್ದು ಇಲ್ಲ, ಯಂತ್ರ ಇಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ, ಉಳಿ ಸುತ್ತಿಗೆಯಿಂದ ಒಡೆದು ಅಷ್ಟು ಆಳಕ್ಕೆ ಇಳಿದ ಜನ ನಮ್ಮ ಪೂರ್ವಿಕರು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉತ್ತರದ ವ್ಯಾಪಾರಮಾರ್ಗ ಮೇಲೋ ದಕ್ಷಿಣದ್ದು ಮೇಲೋ ಎಂಬ ಚರ್ಚೆ ಬರುತ್ತದೆ. ಗುರುಗಳು ಉತ್ತರ ಎನ್ನುತ್ತಾರೆ, ಕೌಟಿಲ್ಯ ಒಪ್ಪುವುದಿಲ್ಲ. ಕಂಬಳಿ, ಚರ್ಮ, ಕುದುರೆ ಬಿಟ್ಟರೆ ಶಂಖ, ವಜ್ರ, ಮಣಿ, ಮುತ್ತು, ಚಿನ್ನ ಎಲ್ಲವೂ ದಕ್ಷಿಣಾಪಥದಲ್ಲೇ ಹೇರಳ ಎನ್ನುತ್ತಾನೆ. ಆ ಮಾತನ್ನು ಮನಸ್ಸಿನಲ್ಲಿಟ್ಟು ಭೂಪಟದಲ್ಲಿ ಅಶೋಕನ ದಕ್ಷಿಣದ ಶಾಸನಗಳನ್ನು ಗುರುತಿಸಿ ನೋಡಿ. ತುಂಗಭದ್ರೆಯ ಎರಡೂ ಮಗ್ಗುಲಿನ ಚಿನ್ನದ ಪಟ್ಟಿಯ ಸುತ್ತಮುತ್ತಲೇ ಅವು ಬರುತ್ತವೆ. ಧರ್ಮ ಹೇಳುವುದಕ್ಕಷ್ಟೇ ಚಕ್ರವರ್ತಿ ಇಷ್ಟು ದೂರ ಬರಲಿಲ್ಲ. ಹಾಗೆಂದು ಧರ್ಮದ ಮಾತು ಬರಿಯ ಮುಸುಕು ಎಂದೂ ನಾನು ಹೇಳಲಾರೆ. ಚಿನ್ನಕ್ಕಾಗಿ ಬಂದ ಅಧಿಕಾರಿಗಳ ಬಾಯಲ್ಲೇ ‘ಚಿಕ್ಕವನಿಗೂ ಸಾಧ್ಯ’ ಎಂಬ ಮಾತನ್ನು ಡಂಗುರ ಸಾರಿಸಿದವನು ಅದನ್ನು ನಂಬಿದ್ದ ಎಂದೇ ನನ್ನ ತಿಳಿವಳಿಕೆ.

ಆ ಅಧಿಕಾರಿಗಳು ಎಲ್ಲಿದ್ದರು ಎಂಬುದೂ ಶಾಸನದಲ್ಲೇ ಇದೆ. ಬ್ರಹ್ಮಗಿರಿಯ ಶಾಸನ ಶುರುವಾಗುವುದೇ ಹೀಗೆ: ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಬೇಕು. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಬಂದ ಪತ್ರ, ಕುಶಲಪ್ರಶ್ನೆಯ ಸಮೇತ. ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿ, ಅಲ್ಲಿ ರಾಜಕುಮಾರನೊಬ್ಬ ಆಳುತ್ತಿದ್ದ. ಆ ಸುವರ್ಣಗಿರಿ ಯಾವುದು? ಮಸ್ಕಿಯೇ ಎಂದವರಿದ್ದಾರೆ, ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದವರಿದ್ದಾರೆ, ಎರ್ರಗುಡಿಯ ಹತ್ತಿರದ ಜೊನ್ನಗಿರಿ ಎಂದವರೂ ಇದ್ದಾರೆ. ರಾಯಚೂರಿನವನಾಗಿ ನನ್ನ ಮನಸ್ಸು ಮಸ್ಕಿಯ ಕಡೆಗೇ ವಾಲುತ್ತದೆ. ಆದರೆ ಪುರಾವೆ ವಾಲುವುದು ಜೊನ್ನಗಿರಿಯ ಕಡೆಗೆ. ಅಲ್ಲಿನ ನೆಲದಲ್ಲೂ ಚಿನ್ನವಿದೆ. ಅದಕ್ಕಿಂತ ಮುಖ್ಯವಾಗಿ, ಹದಿನಾಲ್ಕು ದೊಡ್ಡ ಶಾಸನಗಳ ಪೂರ್ಣ ಪಾಠ ಈ ಸೀಮೆಯಲ್ಲಿ ಇರುವುದು ಎರ್ರಗುಡಿಯಲ್ಲಿ ಮಾತ್ರ. ಮಸ್ಕಿಯಲ್ಲಿ, ಕೊಪ್ಪಳದಲ್ಲಿ, ನಿಟ್ಟೂರಿನಲ್ಲಿ ಇರುವುದೆಲ್ಲ ಕಿರುಶಾಸನಗಳು. ರಾಜಕುಮಾರ ಕೂತ ಪಟ್ಟಣದ ಪಕ್ಕದಲ್ಲೇ ದೊಡ್ಡ ಪಾಠವನ್ನು ಕೆತ್ತಿಸಿರುವುದು ಹೆಚ್ಚು ಸಹಜ.

ನೀವು ಸಿಂಧನೂರಿನವರಾದ್ದರಿಂದ ಮಸ್ಕಿಗೆ ಒಂದು ಬೆಳಗ್ಗೆ ಹೋಗಿಬರುವುದು ಕಷ್ಟವಲ್ಲ, ಇನ್ನೊಂದು ದಿನ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿಗೂ ಹೋಗಬಹುದು. ಓರೆ ಬಿಸಿಲಿನ ಹೊತ್ತಿನಲ್ಲಿ ಹೋಗಿ. ಅಕ್ಷರಗಳ ಅಂಚಿಗೆ ನೆರಳು ಬಿದ್ದಾಗಲೇ ಅವು ಓದಲು ಸಿಗುವುದು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಅಕ್ಷರಗಳಿಗೆ ಸೀಮೆಸುಣ್ಣ ತುಂಬುವ, ಎಣ್ಣೆ ಸವರುವ ಚಾಳಿ ಕೆಲವರಿಗಿದೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಮಸ್ಕಿಯ ಶಾಸನ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ರಾಷ್ಟ್ರೀಯ ಮಹತ್ವದ ಸ್ಮಾರಕ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಲ್ಲು ಒಡೆಯುವುದಾಗಲಿ ಹೊಸ ಕಟ್ಟಡ ಕಟ್ಟುವುದಾಗಲಿ ಕಾನೂನಿನ ಪ್ರಕಾರ ನಿಷಿದ್ಧ, ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸವಿದೆ. ಹೊರಡುವ ಮೊದಲು ಬ್ರಾಹ್ಮಿಯ ‘ಅ’, ‘ಸೋ’, ‘ಕ’ ಈ ಮೂರು ಅಕ್ಷರಗಳನ್ನು ಕಲಿತುಕೊಳ್ಳಿ. ‘ಕ’ ಕೂಡಿಸುವ ಚಿಹ್ನೆಯಂತೆಯೇ ಇದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮೊದಲ ಸಾಲಿನಲ್ಲಿ ಅದನ್ನು ಹುಡುಕಿದರೆ ಹೆಸರು ನಿಮಗೇ ಸಿಗುತ್ತದೆ.